ಓಲೆ ಡಂಗುರವಾದ ವರ್ಷ

ಒಳಗೆ ಬನ್ನಿ, ಯಾರೂ ತಡೆಯುವುದಿಲ್ಲ. ಎಲ್ಲರ ಕಣ್ಣೂ ಗಾಯಕಿಯ ಮೇಲಿದೆ.

1920ರ ಜೂನ್ 15, ಮಂಗಳವಾರ. ಸಂಜೆ ಏಳಕ್ಕೆ ಇನ್ನು ಕೆಲವೇ ನಿಮಿಷ. ಇಂಗ್ಲೆಂಡಿನ ಜೂನ್ ಸಂಜೆಗೆ ಮುಗಿಯುವ ಅವಸರವಿಲ್ಲ, ಹೊರಗೆ ಇನ್ನೂ ಒಳ್ಳೆಯ ಬೆಳಕು. ಇದು ಲಂಡನ್ನಿಗೆ ಸುಮಾರು ಮೂವತ್ತು ಮೈಲಿ ದೂರದ ಚೆಲ್ಮ್ಸ್‌ಫರ್ಡ್, ನ್ಯೂ ಸ್ಟ್ರೀಟಿನ ಮಾರ್ಕೋನಿ ಕಾರ್ಖಾನೆ. ಸಂಗೀತ ಕಛೇರಿ ಎಂದರೆ ನಿಮ್ಮ ಮನಸ್ಸಿಗೆ ಬರುವ ಯಾವುದೂ ಇಲ್ಲಿಲ್ಲ. ವೇದಿಕೆಯಿಲ್ಲ, ಕುರ್ಚಿಗಳ ಸಾಲಿಲ್ಲ, ಕೆಮ್ಮುವವರಿಲ್ಲ, ತಾಳ ಹಾಕುವವರಿಲ್ಲ. ಒಂದು ಪಿಯಾನೋ ಇದೆ. ಟೋಪಿ ತೂಗುಹಾಕುವಂಥ ಒಂದು ಸ್ಟ್ಯಾಂಡ್ ಇದೆ. ಅದರಿಂದ ಜೋತುಬಿದ್ದಿರುವ ವಸ್ತುವನ್ನು ಹತ್ತಿರ ಹೋಗಿ ನೋಡಿ. ಟೆಲಿಫೋನಿನ ಮಾತಾಡುವ ತುದಿಯನ್ನು ಬಿಚ್ಚಿ ತಂದು, ಸಿಗಾರ್ ಡಬ್ಬಿಯ ತೆಳು ಹಲಗೆಯಲ್ಲಿ ಮಾಡಿದ ಒಂದು ಕೊಂಬನ್ನು ಅದಕ್ಕೆ ಸಿಕ್ಕಿಸಿದ್ದಾರೆ. ಮೈಕು ಅಂದರೆ ಇಷ್ಟೇ.

ಅದರ ಮುಂದೆ ನಿಂತಿರುವವರು ಡೇಮ್ ನೆಲ್ಲಿ ಮೆಲ್ಬಾ. ವಯಸ್ಸು ಐವತ್ತೊಂಬತ್ತು. ಹುಟ್ಟೂರು ಆಸ್ಟ್ರೇಲಿಯದ ಮೆಲ್ಬರ್ನ್, ಹೆಸರೂ ಆ ಊರಿನಿಂದಲೇ ಬಂದದ್ದು. ಯುರೋಪಿನ ದೊಡ್ಡ ಒಪೆರಾ ಮಂದಿರಗಳನ್ನೆಲ್ಲ ಆಳಿದ ಗಂಟಲು ಅದು. ಈ ಸಂಜೆಗೆ ಅವರಿಗೆ ಸಲ್ಲುವ ಸಂಭಾವನೆ 1000 ಪೌಂಡು. ಕೊಡುತ್ತಿರುವುದು ಕಾರ್ಖಾನೆಯವರಲ್ಲ, ಲಾರ್ಡ್ ನಾರ್ತ್‌ಕ್ಲಿಫ್‌ನ ‘ಡೈಲಿ ಮೇಲ್’ ಪತ್ರಿಕೆ. ಗಣ್ಯರು ಬರುತ್ತಾರೆಂದು ಎಂಜಿನಿಯರುಗಳು ನೆಲಕ್ಕೆ ಹಾಸಿದ್ದ ದಪ್ಪ ಕಂಬಳಿಯನ್ನು ಆಕೆ ಕಾಲಿನಿಂದಲೇ ಪಕ್ಕಕ್ಕೆ ಸರಿಸಿದರಂತೆ. ದನಿ ಎಲ್ಲಿ ಮೊಳಗುತ್ತದೆ, ಎಲ್ಲಿ ಇಂಗಿಹೋಗುತ್ತದೆ ಎಂಬುದನ್ನು ಆಕೆಗೆ ಯಾವ ಎಂಜಿನಿಯರೂ ಹೇಳಿಕೊಡಬೇಕಿಲ್ಲ. ಇನ್ನೊಂದು ಕತೆಯೂ ಇದೆ. ಹೊರಗೆ 450 ಅಡಿ ಎತ್ತರದ ಕಂಬಗಳಿವೆಯಲ್ಲ, ಅವುಗಳ ತುದಿಯಿಂದ ನಿಮ್ಮ ಹಾಡು ಲೋಕಕ್ಕೆ ಹೋಗುತ್ತದೆ ಎಂದು ಒಬ್ಬರು ವಿವರಿಸಿದಾಗ, ನಾನು ಅಲ್ಲಿಗೆಲ್ಲ ಹತ್ತುವವಳಲ್ಲ ಎಂದು ಮೆಲ್ಬಾ ಗದರಿಬಿಟ್ಟರಂತೆ. ನಿಜವೋ ಕಟ್ಟುಕತೆಯೋ, ರೇಡಿಯೋ ಚರಿತ್ರೆ ಬರೆದವರು ಯಾರೂ ಇದನ್ನು ಬಿಟ್ಟಿಲ್ಲ. ನಾನೂ ಬಿಡಲಾರೆ.

ಏಳು ಗಂಟೆ ಹತ್ತು ನಿಮಿಷ. ಉಸಿರು ಬಿಗಿಹಿಡಿಯಿರಿ.

ಮೊದಲು ಪದಗಳೇ ಇಲ್ಲದ ಒಂದು ಉದ್ದನೆಯ ಕಂಪನ ಸ್ವರ. ಲೋಕಕ್ಕೆ ತನ್ನ ನಮಸ್ಕಾರ ಅದು ಎಂದು ಆಕೆಯೇ ಹೇಳಿದ್ದರು. ಆಮೇಲೆ ಎಲ್ಲರಿಗೂ ಗೊತ್ತಿರುವ ‘ಹೋಮ್ ಸ್ವೀಟ್ ಹೋಮ್’. ನಂತರ ಒಂದು ಫ್ರೆಂಚ್ ಹಾಡು, ಪುಚ್ಚೀನಿಯ ‘ಲಾ ಬೊಹೆಮ್’ ಒಪೆರಾದ ಒಂದು ವಿದಾಯ ಗೀತೆ, ಕೊನೆಗೆ ರಾಜನ ರಾಷ್ಟ್ರಗೀತೆ. ಸುಮಾರು ಅರ್ಧ ಗಂಟೆ. ಪಕ್ಕದಲ್ಲಿ ಗಾಜಿನ ದೊಡ್ಡ ವಾಲ್ವುಗಳು ಕೆಂಪಗೆ ಕಾದು ಉರಿಯುತ್ತಿವೆ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ಎಂಥ ಮೌನ ನೋಡಿ. ಬದುಕೆಲ್ಲ ಚಪ್ಪಾಳೆ ಕೇಳಿದ ಹೆಂಗಸಿಗೆ ಇವತ್ತು ಚಪ್ಪಾಳೆಯಿಲ್ಲ. ಹಾಡು ತಲುಪಿತೋ ಇಲ್ಲವೋ ಎಂಬುದು ಇಲ್ಲಿರುವ ಯಾರಿಗೂ ಗೊತ್ತಿಲ್ಲ. ಗೊತ್ತಾಗಬೇಕಾದರೆ ಟಪಾಲು ಬರಬೇಕು, ತಂತಿ ಬರಬೇಕು. ಬಂದವು. ಪ್ಯಾರಿಸ್ಸಿನಲ್ಲಿ ಕೇಳಿಸಿತ್ತು. ಅಟ್ಲಾಂಟಿಕ್ ಆಚೆಯ ನ್ಯೂಫೌಂಡ್‌ಲ್ಯಾಂಡಿನಲ್ಲೂ ಕೇಳಿಸಿತ್ತು.

ಈ ಹಾಡಿಗೆ ಯಾಕಿಷ್ಟು ಸಂಭ್ರಮ ಎಂದು ತಿಳಿಯಬೇಕಾದರೆ, ಒಂದು ಕ್ಷಣ ಈ ಕಾರ್ಖಾನೆ ಬಿಟ್ಟು ಸಮುದ್ರಕ್ಕೆ ಬನ್ನಿ. ನೀವು ಒಂದು ಸರಕು ಹಡಗಿನ ರೇಡಿಯೋ ಆಪರೇಟರು. ರಾತ್ರಿ ಪಾಳಿ. ಕಿವಿಗೆ ಹೆಡ್‌ಫೋನು, ಕೈಯಲ್ಲಿ ಪೆನ್ಸಿಲು. ವರ್ಷಗಳಿಂದ ನಿಮ್ಮ ಕಿವಿಗೆ ಬಿದ್ದಿರುವುದು ಒಂದೇ ಭಾಷೆ: ಚುಕ್ಕೆ, ಗೆರೆ, ಚುಕ್ಕೆ. ಆ ಟಕಟಕ ಒಂದು ಓಲೆ. ಒಬ್ಬ ಬರೆದು ಇನ್ನೊಬ್ಬನಿಗೆ ಕಳಿಸಿದ್ದು. ಮಾರ್ಕೋನಿ ನಿಸ್ತಂತು ಯಂತ್ರವನ್ನು ಮಾರಿದ್ದೇ ಓಲೆಕಾರನೆಂದು. ಹಡಗಿನಿಂದ ದಡಕ್ಕೆ, ದಡದಿಂದ ಹಡಗಿಗೆ. ಟೈಟಾನಿಕ್ ಮುಳುಗುವಾಗ ಏಳುನೂರು ಚಿಲ್ಲರೆ ಜೀವಗಳು ಉಳಿದದ್ದು ಇಂಥ ಓಲೆಯಿಂದಲೇ.

ಆದರೆ ಈ ಓಲೆಕಾರನಿಗೆ ಒಂದು ಕೆಟ್ಟ ಚಾಳಿ ಇತ್ತು. ಗುಟ್ಟು ಉಳಿಸಿಕೊಳ್ಳಲು ಬಾರದು. ಒಬ್ಬನಿಗೆ ಹೇಳಬೇಕಾದ್ದನ್ನು ಸುತ್ತಮುತ್ತಲ ಕಿವಿಗಳಿಗೆಲ್ಲ ಹೇಳಿಬಿಡುತ್ತಾನೆ. ಭಾಗವತದಲ್ಲಿ ಅಶರೀರವಾಣಿ ನುಡಿದದ್ದು ಕಂಸನೊಬ್ಬನಿಗೆ. ಆದರೆ ಅದೇ ರಥದಲ್ಲಿದ್ದ ದೇವಕಿ ವಸುದೇವರಿಗೂ ಕೇಳಿಸಿತಲ್ಲ, ಹಾಗೆ. ಇಪ್ಪತ್ತು ವರ್ಷ ಎಂಜಿನಿಯರುಗಳು, ಸೇನೆಗಳು, ಅಂಚೆ ಇಲಾಖೆಗಳು ತಲೆ ಚಚ್ಚಿಕೊಂಡದ್ದು ಈ ಚಾಳಿ ಬಿಡಿಸುವುದು ಹೇಗೆ ಎಂದು. ಬಿಡಿಸುವುದು ಬೇಡ, ಇದನ್ನೇ ಕಸುಬು ಮಾಡೋಣ, ಓಲೆಕಾರನ ಕೈಗೆ ತಮಟೆ ಕೊಟ್ಟು ಡಂಗುರ ಸಾರಿಸೋಣ ಎಂದು ಹಲವರಿಗೆ ಹಲವು ಊರುಗಳಲ್ಲಿ ಒಟ್ಟಿಗೇ ಹೊಳೆದದ್ದು 1920ರಲ್ಲಿ. ಮೊದಲ ಮಹಾಯುದ್ಧ ಮುಗಿದಿತ್ತು. ಯುದ್ಧಕ್ಕಾಗಿ ಹದಗೊಳಿಸಿದ ವಾಲ್ವುಗಳು ಈಗ ಮನುಷ್ಯನ ದನಿಯನ್ನೇ ಹೊತ್ತು ಸಾಗಿಸಬಲ್ಲವಾಗಿದ್ದವು.

ಮೆಲ್ಬಾಗೂ ಮೊದಲು ಇದೇ ಚೆಲ್ಮ್ಸ್‌ಫರ್ಡಿನಲ್ಲಿ ಆ ವರ್ಷದ ಚಳಿಗಾಲದಲ್ಲಿ ಇನ್ನೊಂದು ನಾಟಕ ನಡೆದಿತ್ತು. ಯಂತ್ರ ಎಷ್ಟು ದೂರ ಮುಟ್ಟುತ್ತದೆಂದು ನೋಡಲು ಎಂಜಿನಿಯರುಗಳು ಮೈಕಿನ ಮುಂದೆ ಕೂತು ರೈಲ್ವೆ ವೇಳಾಪಟ್ಟಿಯ ಸ್ಟೇಷನ್ ಹೆಸರುಗಳನ್ನು ಓದುತ್ತಿದ್ದರು. ದಿನ ದಿನವೂ ಅದನ್ನೇ ಓದಿ ಅವರಿಗೇ ರೇಜಿಗೆ ಹುಟ್ಟಿತು. ಫೆಬ್ರವರಿಯಲ್ಲಿ ಸ್ವಲ್ಪ ಸಂಗೀತ ಸೇರಿಸಿದರು. ಹಾಡಲು ಬಂದವರಲ್ಲಿ ವಿನಿಫ್ರೆಡ್ ಸೇಯರ್ ಎಂಬಾಕೆ ಒಬ್ಬರು. ಅದೇ ಊರಿನ ಬೇರಿಂಗ್ ಕಾರ್ಖಾನೆಯಲ್ಲಿ ಕೆಲಸ, ಹವ್ಯಾಸಕ್ಕೆ ಹಾಡು. ಒಂದು ಸಂಜೆಗೆ ಹತ್ತು ಶಿಲಿಂಗ್ ಕೊಟ್ಟರು. ಪೌಂಡಿಗೆ ಇಪ್ಪತ್ತು ಶಿಲಿಂಗಿನ ಲೆಕ್ಕದಲ್ಲಿ ಮೆಲ್ಬಾ ಪಡೆದದ್ದು ಅದರ ಎರಡು ಸಾವಿರ ಪಟ್ಟು. ಜಗತ್ತು ನೆನಪಿಟ್ಟುಕೊಂಡದ್ದೂ ಹೆಚ್ಚುಕಡಿಮೆ ಅದೇ ಲೆಕ್ಕದಲ್ಲಿ.

ಈಗ ಭೂಗೋಳದ ಕೆಳತುದಿಗೆ ಹೋಗೋಣ. ಆಗಸ್ಟ್ 27, ಶುಕ್ರವಾರ ರಾತ್ರಿ. ಅಲ್ಲಿ ಈಗ ಚಳಿಗಾಲ. ಅರ್ಜೆಂಟೀನಾದ ಬ್ಯೂನಸ್ ಐರಿಸ್ ನಗರದ ಕೊಲಿಸಿಯೋ ನಾಟಕಮಂದಿರದ ಮಾಳಿಗೆ. ಹುಷಾರು, ಕಾಲಿಗೆ ತಂತಿ ಸಿಕ್ಕೀತು. ಎನ್ರಿಕೆ ಸುಸೀನಿ ಎಂಬ ತರುಣ ವೈದ್ಯ, ವೈದ್ಯವಿದ್ಯೆ ಓದುತ್ತಿದ್ದ ಮೂವರು ಗೆಳೆಯರು: ಗೆರ್ರಿಕೋ, ರೊಮೆರೊ ಕರಾನ್ಸಾ, ಮುಹಿಕಾ. ವಾರಗಳಿಂದ ಚಾವಣಿಗಳ ಮೇಲೆ ತಂತಿ ಎಳೆಯುತ್ತ ಓಡಾಡುವ ಈ ನಾಲ್ವರಿಗೆ ಊರವರಿಟ್ಟ ಹೆಸರು ‘ಮಾಳಿಗೆ ಹುಚ್ಚರು’. ಟ್ರಾನ್ಸ್‌ಮಿಟರಿನ ಶಕ್ತಿ 5 ವ್ಯಾಟ್. ಇವತ್ತಿನ ಒಂದು ಸಣ್ಣ ಎಲ್‌ಇಡಿ ಬಲ್ಬಿನಷ್ಟು. ಮೈಕು ಕಿವುಡರಿಗೆಂದು ಮಾಡಿದ ಶ್ರವಣಯಂತ್ರದಿಂದ ಬಂದದ್ದು, ಅದನ್ನು ಮಂದಿರದೊಳಗೆ ಮೇಲಿನ ಗ್ಯಾಲರಿಯಲ್ಲಿ ಇಟ್ಟಿದ್ದಾರೆ. ಕೆಳಗೆ ರಂಗದ ಮೇಲೆ ವಾಗ್ನರ್‌ನ ‘ಪಾರ್ಸಿಫಾಲ್’.

ಸುಸೀನಿ ಮೊದಲು ನಾಲ್ಕು ಮಾತಾಡಿ ಕಾರ್ಯಕ್ರಮ ಏನೆಂದು ಹೇಳುತ್ತಾರೆ. ಹೇಳುವುದು ಯಾರಿಗೆ? ಊರಿನಲ್ಲಿ ಕೇಳುವ ಯಂತ್ರಗಳು ಬೆರಳೆಣಿಕೆಯಷ್ಟು. ಸುಮಾರು ಮೂರು ಗಂಟೆ ಆ ಸಂಗೀತ ಮಾಳಿಗೆಯಿಂದ ಕತ್ತಲೆಗೆ ಹರಿಯುತ್ತದೆ. ಮಂದಿರದೊಳಗೆ ದುಡ್ಡು ಕೊಟ್ಟು ಕೂತವರಿಗೆ ತಮ್ಮ ಒಪೆರಾ ಗೋಡೆ ದಾಟಿ ಹೋಗುತ್ತಿದೆಯೆಂಬ ಅರಿವೂ ಇಲ್ಲ. ಮೆಲ್ಬಾ ಹಾಡಿದ್ದು ರೇಡಿಯೋಗಾಗಿ. ಇಲ್ಲಿ ನಡೆಯುತ್ತಿರುವ ಆಟದ ಮೇಲೆಯೇ ರೇಡಿಯೋ ಕಿವಿಯಿಟ್ಟಿತು. ನಮ್ಮ ಕಾಲದ ಕ್ರಿಕೆಟ್ ಕಾಮೆಂಟರಿಯ ಮುತ್ತಜ್ಜಿ ಎಂದು ನಾನು ಈ ಮಾಳಿಗೆಯನ್ನೇ ತೋರಿಸುತ್ತೇನೆ. ಆ ದೇಶದಲ್ಲಿ ಆಗಸ್ಟ್ 27 ಇವತ್ತಿಗೂ ರೇಡಿಯೋ ಪ್ರಸಾರದ ದಿನ.

ಇಲ್ಲಿಯವರೆಗೆ ಡಂಗುರ ಸಾರಿದ್ದಾಯಿತು. ಆದರೆ ಡಂಗುರದವನಿಗೆ ಕೂಲಿ ಯಾರು ಕೊಡಬೇಕು? ಒಂದು ಸಂಜೆಗೆ ಪತ್ರಿಕೆಯೊಂದು ಕೊಟ್ಟೀತು. ಹುಚ್ಚಿರುವ ತರುಣರು ಕೈಯಿಂದ ಹಾಕಿಕೊಂಡಾರು. ದಿನಾ ಯಾರು ಕೊಡುತ್ತಾರೆ? ಉತ್ತರ ಸಿಕ್ಕಿದ್ದು ಅಮೆರಿಕದ ಒಂದು ಗ್ಯಾರೇಜಿನಲ್ಲಿ.

ಪಿಟ್ಸ್‌ಬರ್ಗ್ ಉಕ್ಕಿನ ಊರು. ಅದರ ಮಗ್ಗುಲಲ್ಲಿ ವಿಲ್ಕಿನ್ಸ್‌ಬರ್ಗ್. ಅಲ್ಲಿ ವೆಸ್ಟಿಂಗ್‌ಹೌಸ್ ವಿದ್ಯುತ್ ಕಂಪನಿಯ ಎಂಜಿನಿಯರ್ ಫ್ರಾಂಕ್ ಕಾನ್ರಾಡ್ ಅವರ ಮನೆ. ಶಾಲೆಯನ್ನು ಏಳನೇ ತರಗತಿಗೇ ಬಿಟ್ಟವರು. ಅವರಿಗೆ ರೇಡಿಯೋ ಅಂಟಿಕೊಂಡದ್ದೂ ಒಂದು ಹುಡುಗಾಟದಿಂದ. ಕೈಗಡಿಯಾರ ಸರಿಯಾದ ಹೊತ್ತು ತೋರಿಸುತ್ತದೋ ಇಲ್ಲವೋ ಎಂದು ಜೊತೆಯವನೊಂದಿಗೆ ಪಂದ್ಯ ಕಟ್ಟಿ, ಆರ್ಲಿಂಗ್ಟನ್ನಿನ ನೌಕಾಪಡೆ ಕೇಂದ್ರ ಕಳಿಸುವ ಸಮಯಸೂಚಿ ಹಿಡಿಯಲೆಂದು ತಾವೇ ಒಂದು ಯಂತ್ರ ಕಟ್ಟಿಕೊಂಡರು. ಮನೆಯ ಹಿಂದಿನ ಇಟ್ಟಿಗೆಯ ಗ್ಯಾರೇಜಿನ ಮೆಟ್ಟಿಲು ಹತ್ತಿ ಮೇಲಕ್ಕೆ ಬನ್ನಿ. ಯಂತ್ರ ಪರೀಕ್ಷೆಗೆಂದು ಮಾತಾಡಿ ಮಾತಾಡಿ ಗಂಟಲು ಸೋತಾಗ ಕಾನ್ರಾಡ್ ಏನು ಮಾಡಿದರು? ಗ್ರಾಮಫೋನನ್ನು ಮೈಕಿನ ಮುಂದಿಟ್ಟು ಪ್ಲೇಟು ಹಾಕಿದರು. ಸುತ್ತಲ ಊರುಗಳ ಹವ್ಯಾಸಿಗಳಿಂದ ಕಾಗದಗಳ ಮಳೆ: ಆ ಹಾಡು ಹಾಕಿ, ಈ ಹಾಡು ಹಾಕಿ. ಕೊನೆಗೆ ವಾರದ ಗೊತ್ತಾದ ಸಂಜೆಗಳಲ್ಲಿ ಕಛೇರಿಯೇ ಶುರುವಾಯಿತು. ತಮ್ಮಲ್ಲಿದ್ದ ಪ್ಲೇಟುಗಳು ತೀರಿದಾಗ ಊರಿನ ಹ್ಯಾಮಿಲ್ಟನ್ ಸಂಗೀತದಂಗಡಿಯವರು, ಅಂಗಡಿಯ ಹೆಸರು ಹೇಳುವುದಾದರೆ ಕೇಳಿದಷ್ಟು ಪ್ಲೇಟು ಎರವಲು ಕೊಡುತ್ತೇವೆ ಎಂದರು. ಹೆಸರು ಹೇಳಿದ್ದೇ ತಡ, ಗಾಳಿಯಲ್ಲಿ ಕೇಳಿದ ಹಾಡಿನ ಪ್ಲೇಟುಗಳು ಅಂಗಡಿಯಲ್ಲಿ ಹೆಚ್ಚು ಖರ್ಚಾಗತೊಡಗಿದವು. ಇವತ್ತು ಎಫ್‌ಎಂ ಹಾಕಿದರೆ ಹತ್ತು ನಿಮಿಷಕ್ಕೊಮ್ಮೆ ನಿಮ್ಮ ಕಿವಿ ಕೊರೆಯುವ ಜಾಹೀರಾತಿನ ಬೀಜ ಇಲ್ಲಿದೆ, ಈ ಗ್ಯಾರೇಜಿನ ಮಾಳಿಗೆಯಲ್ಲಿ.

ಮೈಸೂರಿನವರಿಗೆ ಇದು ಅಪರಿಚಿತ ದೃಶ್ಯವೇನಲ್ಲ. 1935ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ‘ಆಕಾಶವಾಣಿ’ ಆರಂಭಿಸಿದ್ದೂ ಹೀಗೇ, ಮನೆಯ ಹುಚ್ಚಿನಿಂದ.

1920ರ ಸೆಪ್ಟೆಂಬರ್ 29. ಪಿಟ್ಸ್‌ಬರ್ಗಿನ ಸಂಜೆ ಪತ್ರಿಕೆ ಬಿಡಿಸಿ. ಜೋಸೆಫ್ ಹಾರ್ನ್ ಎಂಬ ದೊಡ್ಡ ಬಟ್ಟೆ-ಬರೆ ಮಳಿಗೆಯ ಜಾಹೀರಾತಿನ ಒಂದು ಮೂಲೆಯಲ್ಲಿ ನಾಲ್ಕು ಸಾಲು: ಕಾನ್ರಾಡರ ಗಾಳಿಕಛೇರಿ ಕೇಳುವ ಪೆಟ್ಟಿಗೆಗಳು ನಮ್ಮಲ್ಲಿವೆ, ಬೆಲೆ 10 ಡಾಲರಿನಿಂದ ಮೇಲಕ್ಕೆ. ಈ ನಾಲ್ಕು ಸಾಲಿನ ಮೇಲೆ ವೆಸ್ಟಿಂಗ್‌ಹೌಸಿನ ಉಪಾಧ್ಯಕ್ಷ ಹ್ಯಾರಿ ಡೇವಿಸರ ಕಣ್ಣು ಬಿತ್ತು. ಅವರು ಓದಿಕೊಂಡದ್ದು ಹೀಗೆ: ಹಾಡು ಬಿಟ್ಟಿ, ಪೆಟ್ಟಿಗೆಗೆ ದುಡ್ಡು. ದಿನಾ ಹಾಡಿದರೆ ದಿನಾ ಪೆಟ್ಟಿಗೆ ಮಾರಬಹುದು. ಡಂಗುರದವನ ಕೂಲಿಯನ್ನು ಪೆಟ್ಟಿಗೆ ಕೊಳ್ಳುವವನೇ ಕೊಡುತ್ತಾನೆ. ಮರುದಿನವೇ ಕಾನ್ರಾಡರನ್ನು ಕರೆಸಿ, ನವೆಂಬರ್ 2ರ ಅಧ್ಯಕ್ಷೀಯ ಚುನಾವಣೆಯ ಹೊತ್ತಿಗೆ ಒಂದು ಕೇಂದ್ರ ಎದ್ದು ನಿಲ್ಲಬೇಕು ಎಂದರು. ಐದು ವಾರವೂ ಇರಲಿಲ್ಲ.

ಎದ್ದು ನಿಂತಿತು. ನವೆಂಬರ್ 2, ಮಂಗಳವಾರ, ಸಂಜೆ ಆರು. ಈಸ್ಟ್ ಪಿಟ್ಸ್‌ಬರ್ಗಿನ ವೆಸ್ಟಿಂಗ್‌ಹೌಸ್ ಕಾರ್ಖಾನೆಯ ಕೆ ಕಟ್ಟಡದ ಚಾವಣಿಗೆ ಬಂದಿದ್ದೀರಿ. ಚಾವಣಿಯ ಮೇಲೊಂದು ಗುಡಿಸಲಿನಂಥ ಕೋಣೆ. ಒಳಗೆ ನಾಲ್ಕು ಜನ ನಿಂತರೆ ಐದನೆಯವರು ಹೊರಗಿರಬೇಕು. ನೀವು ಬಾಗಿಲಿಗೆ ಒರಗಿ ನಿಲ್ಲಿ. 100 ವ್ಯಾಟ್ ಶಕ್ತಿಯ ಟ್ರಾನ್ಸ್‌ಮಿಟರು, ಮಗ್ಗುಲಲ್ಲಿ ಗ್ರಾಮಫೋನು, ಮೇಜಿನ ಮೇಲೆ ಟೆಲಿಫೋನು. ಆ ಟೆಲಿಫೋನಿನ ಇನ್ನೊಂದು ತುದಿ ‘ಪಿಟ್ಸ್‌ಬರ್ಗ್ ಪೋಸ್ಟ್’ ಪತ್ರಿಕೆಯ ಕಚೇರಿಯಲ್ಲಿದೆ. ಅಲ್ಲಿಗೆ ತಂತಿಯಲ್ಲಿ ಬಂದ ಮತಗಳ ಲೆಕ್ಕ ಫೋನಿನಲ್ಲಿ ಇಲ್ಲಿಗೆ ಬರುತ್ತದೆ, ಇಲ್ಲಿ ಒಬ್ಬರು ಗೀಚಿಕೊಂಡು ಚೀಟಿ ಮುಂದೆ ದಾಟಿಸುತ್ತಾರೆ. ಚೀಟಿ ಓದುವವರು ಲಿಯೋ ರೋಸೆನ್‌ಬರ್ಗ್, ಕಂಪನಿಯ ಪ್ರಚಾರ ವಿಭಾಗದ ತರುಣ. ಓದಿದ ಮೇಲೆ ಒಂದು ಪ್ಲೇಟು. ಮತ್ತೆ ಚೀಟಿ.

ಕಾನ್ರಾಡ್ ಇಲ್ಲಿಲ್ಲ, ಗಮನಿಸಿದಿರಾ? ಅವರು ತಮ್ಮ ಗ್ಯಾರೇಜಿನಲ್ಲೇ ಕೂತಿದ್ದಾರೆ. ಇಲ್ಲಿಯ ಯಂತ್ರ ಕೈಕೊಟ್ಟರೆ ತಮ್ಮ ಹಳೆಯ ಯಂತ್ರದಿಂದ ಲೆಕ್ಕ ಓದಬೇಕೆಂದು, ಹೆಡ್‌ಫೋನು ಹಾಕಿಕೊಂಡು ಕಾಯುತ್ತಿದ್ದಾರೆ.

ಸ್ಪರ್ಧೆ ಓಹಾಯೋದ ಇಬ್ಬರು ಪತ್ರಿಕಾ ಮಾಲೀಕರ ನಡುವೆ. ರಿಪಬ್ಲಿಕನ್ ವಾರೆನ್ ಹಾರ್ಡಿಂಗ್‌ಗೆ ಅಂದೇ ಐವತ್ತೈದು ತುಂಬಿತ್ತು. ಎದುರಿಗೆ ಡೆಮಾಕ್ರಟ್ ಜೇಮ್ಸ್ ಕಾಕ್ಸ್. ಜೈಲಿನಲ್ಲಿ ಕೂತೇ ನಿಂತಿದ್ದ ಸಮಾಜವಾದಿ ಯೂಜೀನ್ ಡೆಬ್ಸ್‌ಗೆ ಒಂಬತ್ತು ಲಕ್ಷಕ್ಕೂ ಮೀರಿ ಮತ ಬಿತ್ತು. ದೇಶದಾದ್ಯಂತ ಹೆಂಗಸರಿಗೆ ಮತದ ಹಕ್ಕು ಸಿಕ್ಕ ಮೇಲೆ ನಡೆದ ಮೊದಲ ಅಧ್ಯಕ್ಷೀಯ ಚುನಾವಣೆ ಇದು. ಊರೂರಿನಲ್ಲಿ ಜನ ಪತ್ರಿಕಾ ಕಚೇರಿಗಳ ಮುಂದೆ ಕತ್ತೆತ್ತಿ ನಿಂತಿದ್ದಾರೆ, ಗೋಡೆಯ ಮೇಲೆ ಲೆಕ್ಕ ಮೂಡುವುದನ್ನು ಕಾಯುತ್ತ.

ನೀವು ಆ ಗುಂಪಿನಲ್ಲಿಲ್ಲ. ಚಾವಣಿಯಿಂದ ಇಳಿದು ಒಂದು ಮನೆಗೆ ಬಂದಿದ್ದೀರಿ. ಅಡುಗೆಮನೆಯ ಮೇಜಿನ ಮೇಲೆ ಒಂದು ಪುಟ್ಟ ಪೆಟ್ಟಿಗೆ. ಓಟ್ಸ್ ಡಬ್ಬಿಗೆ ಸುತ್ತಿದ ತಾಮ್ರದ ತಂತಿ, ಕಡಲೆಕಾಳಿನಷ್ಟು ಹೊಳೆಯುವ ಒಂದು ಅದಿರಿನ ಹರಳು, ಅದನ್ನು ಮುಟ್ಟುವ ಕೂದಲಿನಷ್ಟು ಸಣ್ಣ ತಂತಿ. ಬ್ಯಾಟರಿ ಇಲ್ಲ, ಕರೆಂಟಿಲ್ಲ. ಗಾಳಿಯಲ್ಲಿ ಬಂದ ಶಕ್ತಿಯಷ್ಟೇ ಕಿವಿಗೆ. ತಂತಿಯ ತುದಿಯಿಂದ ಹರಳನ್ನು ತಡಕುತ್ತೀರಿ. ಏನೂ ಇಲ್ಲ. ಏನೂ ಇಲ್ಲ. ಒಂದು ಗೊರಗೊರ. ಆಮೇಲೆ, ಯಾರೋ ಪಕ್ಕದಲ್ಲೇ ಬಂದು ನಿಂತಂತೆ, ಒಬ್ಬ ಗಂಡಸಿನ ದನಿ ಅಂಕಿಗಳನ್ನು ಓದುತ್ತಿದೆ. ಮನೆಮಂದಿಯೆಲ್ಲ ನನಗೆ ನನಗೆ ಎಂದು ಕೈಚಾಚುತ್ತಾರೆ. ಇರುವುದು ಒಂದೇ ಹೆಡ್‌ಫೋನು. ಅದನ್ನು ಪಿಂಗಾಣಿ ಬೋಗುಣಿಯೊಳಗೆ ಮಲಗಿಸಿ. ದನಿ ಬೋಗುಣಿಯಲ್ಲಿ ಮೊಳಗಿ ಸುತ್ತ ತಲೆ ಬಗ್ಗಿಸಿದವರಿಗೆಲ್ಲ ಕೇಳುತ್ತದೆ. ಹಾಗೆ ಕೇಳುವುದು ಆಗಿನ ಮನೆಗಳಲ್ಲಿ ಎಲ್ಲರಿಗೂ ಗೊತ್ತಿದ್ದ ಉಪಾಯ.

ನಡುನಡುವೆ ಆ ದನಿ ಒಂದು ವಿಚಿತ್ರ ಬೇಡಿಕೆ ಇಡುತ್ತದೆ: ಇದನ್ನು ಕೇಳುತ್ತಿರುವವರು ಯಾರಾದರೂ ಇದ್ದರೆ ದಯವಿಟ್ಟು ನಮಗೊಂದು ಕಾಗದ ಬರೆಯಿರಿ. ಡಂಗುರ ಸಾರುವವನು ತಮಟೆ ನಿಲ್ಲಿಸಿ, ಅಯ್ಯಾ ಊರಿನಲ್ಲಿ ಯಾರಾದರೂ ಇದ್ದೀರಾ ಎಂದು ಕೂಗಿದ ಹಾಗೆ. ಇದ್ದರು. ಐನೂರರಿಂದ ಸಾವಿರ ಮಂದಿ ಎಂದು ಆಮೇಲಿನ ಅಂದಾಜು. ನಡುರಾತ್ರಿ ದಾಟುವ ಹೊತ್ತಿಗೆ ಹಾರ್ಡಿಂಗ್ ಗೆದ್ದದ್ದು ಖಚಿತವಾಗಿತ್ತು: ಕೊನೆಯ ಲೆಕ್ಕದಲ್ಲಿ 404 ಎಲೆಕ್ಟೋರಲ್ ಮತ, ಕಾಕ್ಸ್‌ಗೆ 127. ಬೆಳಗಿನ ಪೇಪರು ಇನ್ನೂ ಬಾಗಿಲಿಗೆ ಬಿದ್ದಿರಲಿಲ್ಲ.

ಈ ಕೇಂದ್ರದ ಹೆಸರು ಕೆಡಿಕೆಎ. ಇದೇ ಜಗತ್ತಿನ ಮೊದಲ ರೇಡಿಯೋ ಕೇಂದ್ರ ಎಂದು ಎಷ್ಟೋ ಪುಸ್ತಕಗಳಲ್ಲಿ ಓದಿರುತ್ತೀರಿ. ಡೆಟ್ರಾಯಿಟಿನವರು ಒಪ್ಪುವುದಿಲ್ಲ, ಅಲ್ಲಿಯ ಪತ್ರಿಕೆಯೊಂದರ ಕೇಂದ್ರ ಆಗಸ್ಟ್ 20ರಿಂದಲೇ ಪ್ರಸಾರ ಮಾಡುತ್ತಿತ್ತು. ಕೆನಡಾದ ಮಾಂಟ್ರಿಯಲ್‌ನವರು ಮೇ ತಿಂಗಳನ್ನು ತೋರಿಸುತ್ತಾರೆ. ಹಾಲೆಂಡಿನ ಹೇಗ್ ನಗರದಲ್ಲಿ 1919ರ ನವೆಂಬರಿನಲ್ಲೇ ಸಂಗೀತ ಕೇಳಿಸಿದ್ದರು. ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ ಚಾರ್ಲ್ಸ್ ಹೆರಾಲ್ಡ್ ಅದಕ್ಕೂ ಹತ್ತು ವರ್ಷ ಮೊದಲೇ ಶುರುಮಾಡಿದ್ದರು. ಈ ಪಂಕ್ತಿಯಲ್ಲಿ ಮೊದಲು ಕೂತವರು ಯಾರು ಎಂಬ ಜಗಳದಲ್ಲಿ ನನಗೆ ರುಚಿಯಿಲ್ಲ. ಪಿಟ್ಸ್‌ಬರ್ಗಿನ ಹೆಚ್ಚುಗಾರಿಕೆ ಚುನಾವಣೆಯ ರಾತ್ರಿಯದಲ್ಲ, ಮರುದಿನದ ರಾತ್ರಿಯದು. ಚುನಾವಣೆ ಮುಗಿದರೂ ಕೇಂದ್ರ ಮುಚ್ಚಲಿಲ್ಲ. ಮರುದಿನವೂ ದನಿ ಬಂತು, ಅದರ ಮರುದಿನವೂ ಬಂತು, ಗೊತ್ತಾದ ಹೊತ್ತಿಗೆ ಬಂತು. ಯಾಕೆಂದರೆ ಪೆಟ್ಟಿಗೆ ಮಾರಬೇಕಿತ್ತು.

ಚೆಲ್ಮ್ಸ್‌ಫರ್ಡಿಗೆ ಆ ಭಾಗ್ಯ ಬರಲಿಲ್ಲ. ದಟ್ಟ ಮಂಜಿನಲ್ಲಿ ಸಮುದ್ರ ದಾಟುತ್ತಿದ್ದ ವಿಮಾನ ಚಾಲಕನೊಬ್ಬ, ಎಲ್ಲಿ ಇಳಿಯಲಿ ಎಂದು ಕೇಳಿದರೆ ಕಿವಿಗೆ ಬಿದ್ದದ್ದು ಸಂಗೀತ ಕಛೇರಿ ಎಂಬ ದೂರು ಆಗ ಓಡಾಡುತ್ತಿತ್ತು. ಇಂಥ ಪ್ರಸಾರ ಅಗತ್ಯದ ಸೇವೆಗಳಿಗೆ ಅಡ್ಡಿ ಎಂದು ಬ್ರಿಟನ್ನಿನ ಅಂಚೆ ಇಲಾಖೆ ಆ ವರ್ಷ ಮುಗಿಯುವ ಮೊದಲೇ ನಿಲ್ಲಿಸಿಬಿಟ್ಟಿತು. ಮೆಲ್ಬಾ ಹಾಡಿದ ಕೋಣೆ ಮತ್ತೆ ಕಾರ್ಖಾನೆಯ ಕೋಣೆಯಾಯಿತು. ಮಾರ್ಕೋನಿ ಎಂಜಿನಿಯರುಗಳಿಗೆ ಮತ್ತೆ ಪ್ರಸಾರಕ್ಕೆ ಅನುಮತಿ ಸಿಕ್ಕಿ, ಪಕ್ಕದ ರಿಟಲ್ ಹಳ್ಳಿಯ ಒಂದು ಗುಡಿಸಲಿನಿಂದ ವಾರಕ್ಕೊಮ್ಮೆ ದನಿ ಹೊರಟದ್ದು 1922ರ ಫೆಬ್ರವರಿ 14ರಂದು. ಅದೇ ವರ್ಷದ ನವೆಂಬರಿನಲ್ಲಿ ಬಿಬಿಸಿ ಶುರುವಾಯಿತು.

ಪಿಟ್ಸ್‌ಬರ್ಗಿನಲ್ಲಿ ಚುನಾವಣೆಯ ರಾತ್ರಿ ಚಾವಣಿಯ ಯಂತ್ರ ಕೈಕೊಡಲಿಲ್ಲ. ಕಾನ್ರಾಡ್ ಬೆಳಗಾಗುವ ಮುಂಚೆ ಗ್ಯಾರೇಜಿನ ದೀಪ ಆರಿಸಿ ಮಲಗಿರಬೇಕು. ಆ ಗ್ಯಾರೇಜು ಈಗ ಅಲ್ಲಿಲ್ಲ. 2001ರಲ್ಲಿ ಅದನ್ನು ಬಿಚ್ಚಿದಾಗ, ಎಂದಾದರೂ ಮತ್ತೆ ಕಟ್ಟೋಣವೆಂದು ಇಟ್ಟಿಗೆಗಳನ್ನು ಎತ್ತಿಟ್ಟರು.